ಕಸ್ತೂರಮ್ಮ ಹೊಲಿದ ಚೀಲ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ತಲೆ ತಗ್ಗಿಸುತ್ತಾರೆ, ಉಳಿದ ಊರಿನವರು ‘ಸದ್ಯ, ನಮ್ಮದಲ್ಲ’ ಎಂದು ಕಾಲು ಚಾಚಿ ಕೂರುತ್ತಾರೆ. ಕೆರೆಬಿಳಚಿಯಿಂದ ಚನ್ನಗಿರಿಗೆ ಹೋಗುವ ದಾರಿಯ ಆಚೀಚೆ ಎಲ್ಲೋ ಒಂದು ಊರು ಅಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ನಿಮ್ಮ ಬೀದಿಗೂ ಬರುತ್ತದಲ್ಲ, ಹಾಗೆಯೇ.

ಆ ಊರಲ್ಲಿ ಗುರುಬಸವರಾಜ್ ಅಡಿಕೆ ವ್ಯಾಪಾರಿ. ಸ್ವಂತ ತೋಟ ಇಲ್ಲ. ಬೇರೆಯವರ ತೋಟದ ಹಸಿ ಅಡಿಕೆ ತಂದು, ಸುಲಿಸಿ, ಹಿತ್ತಲಲ್ಲಿ ಬೇಯಿಸಿ, ಒಣಗಿಸಿ, ಚೀಲ ತುಂಬಿ ಮಾರುತ್ತಾನೆ. ವ್ಯಾಪಾರ ಅವನ ಹೆಸರಲ್ಲಿದೆ. ಒಲೆ ಮುಂದೆ ಬೇಯುವವಳು ಮಾತ್ರ ಹೆಂಡತಿ ಕಸ್ತೂರಮ್ಮ. ನ್ಯಾಮತಿಯಿಂದ ಮದುವೆಯಾಗಿ ಬಂದ ವರ್ಷವೇ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುವುದನ್ನು ಕಲಿತಳು. ಅವಳು ಹೊಲಿದ ಚೀಲವನ್ನು ಲಾರಿಯಿಂದ ಎಸೆದರೂ ಒಂದು ಅಡಿಕೆ ಆಚೆ ಬೀಳುವುದಿಲ್ಲ ಎಂದು ಹಮಾಲರೇ ಹೇಳುತ್ತಿದ್ದರು. ಅದು ಅವಳಿಗೊಂದು ಹೆಮ್ಮೆ.

ಬೇಯಿಸುವ ಒಲೆಗೆ ಉರುವಲು ಅಡಿಕೆ ಸಿಪ್ಪೆ. ಸಿಪ್ಪೆಯ ಬೆಂಕಿ ಮಹಾ ಹಠಮಾರಿ. ಮೇಲೆ ಬೂದಿ ಬೆಳ್ಳಗೆ, ತಣ್ಣಗೆ ಇರುತ್ತದೆ. ಒಳಗೆ ಕೆಂಡ ಎರಡು ಮೂರು ದಿನ ಬದುಕಿರುತ್ತದೆ. ನಾಲ್ಕು ಕೊಡ ನೀರು ಸುರಿದರೆ ಮುಗಿಯಿತು, ಆದರೆ ಆ ಮನೆಯಲ್ಲಿ ಸುರಿಯುವಂತಿರಲಿಲ್ಲ. ಅತ್ತೆ ಬಂಗಾರಮ್ಮನ ಕಟ್ಟಳೆ ಅದು.

“ಒಲೆ ಹೂಡಿದ ಮ್ಯಾಲೆ ಸುಗ್ಗಿ ಮುಗಿಯೋ ತನಕ ಬೂದಿಗೆ ನೀರು ತಾಗಬಾರ್ದು ಕಣೇ. ತಾಗಿದ್ರೆ ಮನೆ ಹಾಳಾಗ್ತೈತೆ. ನಮ್ಮತ್ತೆ ನನಗೆ ಹೇಳಿದ್ರು, ನಾನು ನಿನಗೆ ಹೇಳ್ತೀನಿ.”

ಹಿಂದೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಹಿತ್ತಲ ಮೂಲೆಯಲ್ಲಿ ತಿಪ್ಪೆ ಇತ್ತು. ಬೂದಿ ಅಲ್ಲಿ ಬಿದ್ದು ತಾನೇ ಆರುತ್ತಿತ್ತು. ಎರಡು ವರ್ಷದ ಹಿಂದೆ ಗುರುಬಸವರಾಜ್ ತಿಪ್ಪೆ ತೆಗೆಸಿ, ಅಡಿಕೆ ಒಣಹಾಕಲು ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿದ. ಅಂಗಳ ಚೆನ್ನಾಯಿತು, ಬೂದಿಗೆ ಜಾಗ ಇಲ್ಲದಾಯಿತು. ಗಾಳಿಗೆ ಬೂದಿ ಹಾರಿ ಅಡಿಕೆ ಮೇಲೆ ಕೂತರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಅವನ ಬಾಯಿ ಕೆಡುತ್ತದೆ. “ಮೊದ್ಲು ಆ ಬೂದಿ ಸಾಗ್ಹಾಕೇ” ಎಂದು ದಿನಾ ಕೂಗಾಟ.

ಕಸದ ಗಾಡಿ ಓಡಿಸುವವಳು ಅಫ್ಸಾನಾ. ಬಿಳಿಚೋಡಿನ ಹುಡುಗಿ, ಈ ಊರಿಗೆ ಸೊಸೆಯಾಗಿ ಬಂದವಳು. ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದುಕೊಂಡು, ಸ್ಟೀರಿಂಗ್ ಹಿಡಿದ ಮೊದಲ ದಿನ ಅವಳಿಗೆ ಆರತಿ ಎತ್ತಿದವಳೇ ಕಸ್ತೂರಮ್ಮ. ಇಬ್ಬರೂ ಒಂದೇ ಸ್ವಸಹಾಯ ಸಂಘದವರು. ಅಫ್ಸಾನಾ ಬಾಯಲ್ಲಿ ಯಾವಾಗಲೂ ಕಸ್ತೂರಕ್ಕ.

“ಕಸ್ತೂರಕ್ಕ, ಬೂದಿಗೆ ನೀರು ಹಾಕಿ, ಎರಡು ದಿನ ಬಿಟ್ಟು, ಬುಟ್ಟ್ಯಾಗೆ ಬೇರೆ ಕೊಡ್ರೀ. ತೋಟದೋರು ಕೇಳ್ಕೊಂಡು ಒಯ್ತಾರೆ. ಬಿಸಿ ಬೂದಿ ಮಾತ್ರ ನನ್ನ ಗಾಡಿಗೆ ಬ್ಯಾಡ.”

“ನೀರು ಹಾಕಾಕೆ ಅತ್ತೆ ಬಿಡಬೇಕಲ್ಲೇ! ಅದೇನು ಕಸಕ್ಕೆ ಇಷ್ಟು ಉಪಚಾರ? ಎಲ್ಲಾ ಹೋಗಿ ಆ ಗುಂಡ್ಯಾಗೆ ತಾನೇ ಬೀಳಾದು?”

“ಹಂಗೆ ನೆಟ್ಟಗೆ ಬೀಳಲ್ಲ ಅಕ್ಕ. ನಮ್ಮ ಮಾವ ಅಲ್ಲಿ ಕಸ ನೋಡಾಕೆ ಅಂತಾನೇ ಅದಾರೆ. ಗಾಡಿ ಹೋದ ತಕ್ಷಣ ಮೊದ್ಲು ಬಯಲಾಗೆ ಸುರಿಸ್ತಾರೆ. ಉದ್ದ ಹಿಡಿಕೆ ಹಲ್ಲುಕುಂಟೆ ತಗೊಂಡು ಮೊಣಕಾಲೆತ್ತರಕ್ಕೆ ಹರವ್ತಾರೆ. ಸೂಜಿ, ಗಾಜು, ಔಷಧಿ ಬಾಟ್ಲಿ, ಬ್ಯಾಟ್ರಿ ಸೆಲ್ಲು ಆರಿಸಿ ಬೇರೆ ಇಡ್ತಾರೆ. ಬಿಸಿ ಐತಾ, ಹೊಗೆ ಐತಾ, ವಾಸನೆ ಐತಾ ನೋಡ್ತಾರೆ. ಸುಮ್ಮನಿರೋ ಕಸ ಅಂತ ಗೊತ್ತಾದ ಮ್ಯಾಲೇ ಗುಂಡಿಗೆ. ಗುಂಡ್ಯಾಗೂ ತೆಳ್ಳಗೆ ಹಾಸಿ, ತುಳಿಸಿ, ಸಂಜಿಗೆ ಮಣ್ಣು ಮುಚ್ಚಿಸ್ತಾರೆ.”

“ಅಬ್ಬಬ್ಬಾ! ನಿಮ್ಮ ಮಾವ ಕಸಕ್ಕೆ ಹಾಸಿಗೆ ಹಾಸ್ತಾರೆ ಅನ್ನು” ಎಂದು ಕಸ್ತೂರಮ್ಮ ನಕ್ಕಳು. ಅಫ್ಸಾನಾಳೂ ನಕ್ಕಳು. ಆಗ ನಗುವ ಮಾತೇ ಆಗಿತ್ತು.

ಅಫ್ಸಾನಾಳ ಮಾವ ಗನಿಸಾಬ. ವಯಸ್ಸು ಐವತ್ತೆಂಟು. ಸುತ್ತಿನ ಏಳು ಊರಿನ ಕಸ ಬಂದು ಬೀಳುವ ಗುಡ್ಡದ ಹಿಂದಿನ ಗುಂಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಮೊದಲು ಬೀಡಿ ಸೇದುತ್ತಿದ್ದ. ಕಸದ ಗುಂಡಿಯಲ್ಲಿ ಕಣ್ಣಿಗೆ ಕಾಣದ ಗ್ಯಾಸ್ ಏಳುತ್ತದೆ, ಒಂದು ಕಿಡಿ ಸಾಕು ಎಂದು ತರಬೇತಿಯಲ್ಲಿ ಹೇಳಿದ ದಿನವೇ ಬೀಡಿ ಕಟ್ಟನ್ನು ಕೆರೆಗೆ ಎಸೆದು ಬಂದ. ಆಮೇಲೆ ಒಂದು ದಿನವೂ ಮುಟ್ಟಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ದಿನ ಕಸ್ತೂರಮ್ಮ ಕೊಟ್ಟ ಚೀಲ ಭಾರವಾಗಿತ್ತೆಂದು ಅಫ್ಸಾನಾ ಬೀದಿಯಲ್ಲೇ ಬಿಚ್ಚಲು ಹೋದಳು. ಒಳಗಿದ್ದದ್ದು ಒಡೆದ ಹೆಂಚು, ಅಷ್ಟೇ. ಆದರೆ ಎದುರು ಮನೆಯ ಶಿವಮೂರ್ತಪ್ಪ ಜಗಲಿಯ ಮೇಲೆ ಕೂತು ನೋಡುತ್ತಿದ್ದ. ಕಸ್ತೂರಮ್ಮನಿಗೆ ಮೈಯೆಲ್ಲ ಉರಿದು ಹೋಯಿತು.

“ಏನೇ ಅಫ್ಸಾನಾ, ನಮ್ಮ ಮನೆ ಕಸಾನ ನಾಲ್ಕು ಜನದ ಮುಂದೆ ಬಿಚ್ಚಿ ತೋರಿಸ್ತೀಯಾ? ನಾವೇನು ಕಳ್ಳ ಮಾಲು ಇಟ್ಟೀವಾ? ನಿನಗೆ ಆರತಿ ಎತ್ತಿದ್ದು ಇದಕ್ಕೇನಾ?”

ಅಫ್ಸಾನಾಳ ಮುಖ ಸಪ್ಪೆಯಾಯಿತು. “ತಪ್ಪಾತು ಅಕ್ಕ” ಎಂದು ಚೀಲ ಎತ್ತಿ ಹಾಕಿಕೊಂಡು ಹೋದಳು. ಅಂದಿನಿಂದ ಆ ಮನೆಯ ಚೀಲ ಬಿಚ್ಚಲಿಲ್ಲ. ಏನಿದೆ ಎಂದು ಬಾಯಲ್ಲಿ ಕೇಳುತ್ತಿದ್ದಳು, ಹೇಳಿದ್ದನ್ನು ನಂಬುತ್ತಿದ್ದಳು.

ದೀಪಾವಳಿ ಕಳೆದು ಎಂಟು ದಿನ. ಹಿತ್ತಲ ತುಂಬ ಅಡಿಕೆ ಹರಡಿದೆ, ಮಧ್ಯಾಹ್ನಕ್ಕೆ ಖರೀದಿ ಮಾಡುವವರು ಬರುತ್ತಾರೆ, ಒಲೆ ಪಕ್ಕದಲ್ಲಿ ಬೂದಿ ರಾಶಿ. ಗಾಳಿ ಬೇರೆ ಎದ್ದಿತ್ತು. ಗುರುಬಸವರಾಜ್ ಅಂಗಿ ಹಾಕಿಕೊಳ್ಳುತ್ತಲೇ ಕೂಗಿದ. “ನಾನು ಬರಾದ್ರೊಳಗೆ ಆ ಬೂದಿ ಇಲ್ಲಿ ಇರಬಾರ್ದು ನೋಡು!”

ಕಸ್ತೂರಮ್ಮ ಹಳೆಯ ಎಣ್ಣೆ ಡಬ್ಬ ಹುಡುಕಿದಳು. ತಳಕ್ಕೆ ತಣ್ಣನೆಯ ಬೂದಿ ಸುರಿದಳು. ಮೇಲೆ ಆ ಹೊತ್ತಿನ ಬೂದಿ. ನಡುವೆ ಒಂದೆರಡು ಕಡೆ ಕೆಂಪಗೆ ಕಂಡಿತು. ಕಾಣಲಿಲ್ಲ ಅಂತ ಅವಳು ಇವತ್ತಿಗೂ ಹೇಳುವುದಿಲ್ಲ. ಕಂಡಿತು, ಅದರ ಮೇಲೆ ಇನ್ನಷ್ಟು ಬೂದಿ ಸುರಿದಳು. ಮುಚ್ಚಳ ಒತ್ತಿ ಬಡಿದಳು. ಡಬ್ಬವನ್ನು ಗೋಣಿಚೀಲಕ್ಕೆ ಇಳಿಸಿ ಸುತ್ತ ಹರಕು ಬಟ್ಟೆ ತುರುಕಿದಳು. ದಬ್ಬಣ ತಂದು ಬಾಯಿ ಹೊಲಿದಳು, ಅಡಿಕೆ ಚೀಲಕ್ಕೆ ಹಾಕುವ ಹೊಲಿಗೆಯನ್ನೇ.

ಗಾಡಿ ಬಂತು. ಅಫ್ಸಾನಾ ಚೀಲ ಎತ್ತಿ ಒಂದು ಗಳಿಗೆ ಹಾಗೇ ನಿಂತಳು.

“ಇದ್ರಾಗೆ ಏನೈತೆ ಅಕ್ಕ?”

“ಹರಕು ಬಟ್ಟೆ ಕಣೇ. ಇಲಿ ಹೊಕ್ಕಾವೆ ಅಂತ ಹೊಲಿದೆ.”

“ಬೂದಿ ಅಲ್ಲ ತಾನೆ?”

“ಅಲ್ಲ ಅಂದ್ನಲ್ಲೇ! ನಿನಗೆ ಸುಳ್ಳು ಹೇಳ್ತೀನಾ?”

ಹೇಳಿದಳು. ನೋಡಿ, ಈ ಕಥೆಯಲ್ಲಿ ದೊಡ್ಡ ಖಳನಾಯಕರು ಯಾರೂ ಇಲ್ಲ. ಪುರುಸೊತ್ತಿಲ್ಲದ ಒಬ್ಬ ಹೆಂಗಸು, ಒಂದು ಚಿಕ್ಕ ಸುಳ್ಳು, ಅಷ್ಟೇ. ಗಾಡಿ ಹಾಡು ಹಾಕಿಕೊಂಡು ಮುಂದಿನ ಮನೆಗೆ ಹೋಯಿತು.

ಗುಂಡಿಯ ಹತ್ತಿರ ಆ ದಿನ ನಡೆದದ್ದು ಕಸ್ತೂರಮ್ಮನಿಗೆ ಗೊತ್ತಾದದ್ದು ಬಹಳ ದಿನದ ಮೇಲೆ. ಮರುದಿನ ದಾವಣಗೆರೆಯಿಂದ ಯಾರೋ ಸಾಹೇಬರು ಗುಂಡಿ ನೋಡಲು ಬರುವವರಿದ್ದರು. ಮೇಸ್ತ್ರಿ ರಂಗನಾಥ್ ಬೆಳಿಗ್ಗೆಯಿಂದ ಬಯಲು ಗುಡಿಸಿಸಿ, ಸುಣ್ಣದ ಗೆರೆ ಎಳೆಸಿದ್ದ.

“ಇವತ್ತು ಬಯಲಾಗೆ ಏನೂ ಸುರಿಸಬ್ಯಾಡ ಗನಿಸಾಬ. ಗಾಡಿ ನೆಟ್ಟಗೆ ಗುಂಡಿಗೇ ಹಿಮ್ಮುಖ ಹೊಡಿಲಿ.”

“ನೋಡದೆ ಹೆಂಗೆ ಹಾಕಾದು ರಂಗನಾಥಣ್ಣ? ಸುಗ್ಗಿ ಕಾಲ. ಹಳ್ಳಿ ಕಡಿಂದ ಬೂದಿ ಬರ್ತೈತೆ.”

“ಒಂದಿನ ನೋಡದಿದ್ರೆ ಆಕಾಶ ಏನೂ ಬೀಳಲ್ಲ. ಬಯಲು ಚೊಕ್ಕ ಇರ್ಬೇಕು. ಸಾಹೇಬ್ರು ಫೋಟೊ ತೆಗೀತಾರೆ.”

ಗನಿಸಾಬ ಮತ್ತೊಮ್ಮೆ ಹೇಳಿದ. ರಂಗನಾಥ್ ಮತ್ತೊಮ್ಮೆ ರೇಗಿದ. ಹನ್ನೊಂದು ವರ್ಷ ದುಡಿದರೂ ದಿನಗೂಲಿಯವನ ಮಾತಿಗೆ ಎಷ್ಟು ತೂಕ ಅಂತ ನಿಮಗೇ ಗೊತ್ತು. ಸೊಸೆ ತಂದ ಗಾಡಿ ಗುಂಡಿಯ ಅಂಚಿಗೆ ಹಿಮ್ಮುಖ ಬಂದು ಕಸ ಸುರಿಯಿತು. ಹೊಲಿದ ಚೀಲ ಎಲ್ಲದರ ಅಡಿಗೆ ಹೋಯಿತು. ಮೇಲೆ ಕಸ ತುಳಿಯುವ ಯಂತ್ರ ಓಡಿತು, ಡಬ್ಬ ಬಿರಿಯಿತು, ಆರದ ಕೆಂಡಕ್ಕೆ ಗಾಳಿ ಸಿಕ್ಕಿತು. ಮೇಲಿಂದ ನೋಡಿದವರಿಗೆ ಏನೂ ಕಾಣಲಿಲ್ಲ. ಮರುದಿನ ಸಾಹೇಬರು ಬಂದರು, ಸುಣ್ಣದ ಗೆರೆ ಮೆಚ್ಚಿದರು. ಎಲ್ಲರಿಗೂ ಹೊಸ ಬೂಟು ಹಾಕಿಸಿ ಫೋಟೊ ಆಯಿತು. ಸಾಹೇಬರ ಜೀಪು ತಿರುಗಿದ ಮೇಲೆ ರಂಗನಾಥ್ ಬೂಟುಗಳನ್ನು ವಾಪಸ್ ಇಸಿದುಕೊಂಡು ಷೆಡ್ಡಿಗೆ ಬೀಗ ಹಾಕಿದ.

ಐದನೇ ದಿನ ಕಸದ ನಡುವಿನಿಂದ ತೆಳ್ಳಗೆ ಹೊಗೆ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ದಟ್ಟವಾಗಿ, ಗಾಳಿ ತಿರುಗಿ, ಗುಡ್ಡದ ಕೆಳಗಿನ ಶಾಲೆಯ ಕಡೆ ನುಗ್ಗಿತು. ಮಕ್ಕಳು ಕೆಮ್ಮುತ್ತ ಹೊರಗೆ ಓಡಿದರು. ರಂಗನಾಥ್ ಫೋನಿನಲ್ಲಿ ಟ್ಯಾಂಕರಿಗಾಗಿ ಕೂಗಾಡುತ್ತಿದ್ದ. “ಎಲ್ಲಿಂದ ಹೊಗೆ ಬರ್ತೈತೆ ನೋಡ್ಬಾ ಗನಿಸಾಬ, ಬೇಗ!”

ಹೊಗೆಯಾಡುವ ಕಸದ ಮೇಲೆ ಕಾಲಿಡಬಾರದು. ಗನಿಸಾಬನಿಗೆ ಅದು ಗೊತ್ತಿತ್ತು, ಬೇರೆಯವರಿಗೆ ಹೇಳಿಕೊಟ್ಟವನೇ ಅವನು. ಒಳಗೆ ಸುಟ್ಟು ಟೊಳ್ಳಾಗಿರುತ್ತದೆ, ಮೇಲೆ ಮಾತ್ರ ಗಟ್ಟಿ ನೆಲದಂತೆ ಕಾಣುತ್ತದೆ. ಆದರೆ ಆ ಶಾಲೆಯಲ್ಲಿ ಅವನ ಮೊಮ್ಮಗಳು ಶಾಹೀನ್ ಓದುತ್ತಿದ್ದಳು. ಹೋದ. ಎಂಟು ಹೆಜ್ಜೆ ಇಟ್ಟ. ಒಂಬತ್ತನೆಯದಕ್ಕೆ ಕಸ ಕುಸಿಯಿತು. ಬಲಗಾಲು ತೊಡೆಯ ತನಕ ಕೆಂಡದೊಳಗೆ ಇಳಿಯಿತು. ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು.

ಹಗ್ಗ ಎಸೆದು ಎಳೆದರು. ಚನ್ನಗಿರಿಗೆ ಒಯ್ದರು, ಅಲ್ಲಿಂದ ದಾವಣಗೆರೆಗೆ ಕಳಿಸಿದರು. ಮೂರನೇ ದಿನ ಮೊಣಕಾಲಿನ ಮೇಲಿನಿಂದ ಕಾಲು ತೆಗೆದರು.

ಗುರುಬಸವರಾಜ್ ಊಟಕ್ಕೆ ಕೂತಾಗ ಸುದ್ದಿ ಹೇಳಿದ. “ಗನಿಸಾಬನ ಕಾಲು ಹೋತಂತೆ ಕಣೇ. ತಾನೇ ಬೀಡಿ ಸೇದಿ ಬಿಸಾಕಿದ್ದಂತೆ. ಮೇಸ್ತ್ರಿ ಹಂಗೇ ಬರೆದು ಕೊಟ್ಟಾನೆ. ತನ್ನ ತಪ್ಪಿಂದಲೇ ಆಗಿದ್ದು ಅಂದ್ರೆ ಸರ್ಕಾರದ್ದು ಏನೂ ಸಿಗಲ್ಲ. ಕೆಲಸಾನೂ ಹೋತು.”

“ಬೀಡಿನಾ?”

“ಮತ್ತೇನು? ಆ ಸಾಬರಿಗೆ ಬೀಡಿ ಬಿಟ್ರೆ ಹೊತ್ತು ಹೋಗಲ್ಲ.”

ಕಸ್ತೂರಮ್ಮನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಗೆ ಬಿತ್ತು. ಚೀಲದ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಏಳು ಊರಿನ ಕಸ ಅಲ್ಲಿ ಬೀಳುತ್ತದೆ, ನಮ್ಮದೇ ಅಂತ ಏನು ಗ್ಯಾರಂಟಿ ಎಂದು ತನಗೆ ತಾನೇ ಹೇಳಿಕೊಂಡಳು. ಅಫ್ಸಾನಾ ಮಾವನ ಜೊತೆ ಆಸ್ಪತ್ರೆಯಲ್ಲಿದ್ದಳು, ಬೇರೆ ಯಾರೋ ಗಾಡಿ ತರುತ್ತಿದ್ದರು. ಬೆಳಿಗ್ಗೆ ಆ ಹಾಡು ಕೇಳಿದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹನ್ನೆರಡು ದಿನದ ಮೇಲೆ ಸಂಘದ ಹೆಂಗಸರು ಗನಿಸಾಬನ ಮನೆಗೆ ಹೋದರು. ಕಸ್ತೂರಮ್ಮನೂ ಹೋಗಲೇಬೇಕಾಯಿತು. ಮಂಚದ ಮೇಲೆ ಗನಿಸಾಬ ಗೋಡೆಗೆ ಒರಗಿ ಕೂತಿದ್ದ. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಎಲ್ಲರೂ ಅಯ್ಯೋ ಪಾಪ ಎಂದರು. ಅವನು ಯಾರಿಗೂ ಕಾಲಿನ ಮಾತು ಹೇಳಲಿಲ್ಲ.

“ನಾನು ಬೀಡಿ ಸೇದಿಲ್ಲ ತಾಯಿ” ಎಂದ. ಒಬ್ಬೊಬ್ಬರ ಮುಖ ನೋಡಿ ಅದನ್ನೇ ಹೇಳಿದ. “ಎಂಟು ವರ್ಷ ಆತು ಬಿಟ್ಟು. ನಾನು ಸೇದಿಲ್ಲ. ಕಾಲು ಹೋಗ್ಲಿ. ಹನ್ನೊಂದು ವರ್ಷ ಬೆಂಕಿ ಬೀಳದಂಗೆ ಕಾದೋನು ನಾನು. ನಾನೇ ಹಚ್ಚಿದೆ ಅಂತ ಬರೆದಾರಲ್ಲ.”

ಕಸ್ತೂರಮ್ಮನ ಮುಖ ನೋಡಿದಾಗಲೂ ಅಷ್ಟೇ ಹೇಳಿದ.

ಉಳಿದವರು ಹೊರಟ ಮೇಲೆ ಅವಳು ಅಡುಗೆಮನೆಗೆ ಹೋದಳು. ಅಫ್ಸಾನಾ ಕಷಾಯ ಸೋಸುತ್ತಿದ್ದಳು.

“ಅಫ್ಸಾನಾ... ಆ ಚೀಲ... ಅದ್ರಾಗೆ ಬಟ್ಟೆ ಇರ್ಲಿಲ್ಲ ಕಣೇ.”

ಅಫ್ಸಾನಾ ತಿರುಗಲಿಲ್ಲ. “ನನಗೆ ಗೊತ್ತೈತೆ.”

“ಗೊತ್ತೈತಾ?”

“ಎತ್ತಿದಾಗ ಬೆಚ್ಚಗಿತ್ತು. ಬಿಸಿಲಿಗೆ ಇಟ್ಟಿದ್ರೇನೋ ಅಂದ್ಕೊಂಡೆ. ಬಿಚ್ಚಬೇಕಿತ್ತು. ಬಿಚ್ಚಿದ್ರೆ ನೀವು ಬೈತಿದ್ರಿ. ಬೈಸ್ಕೊಳ್ಳಾಕೆ ಬ್ಯಾಸರ ಆತು ನನಗೆ. ನೋಡ್ರಿ, ನನ್ನ ಮಾವನ ಕಾಲಿಗಿಂತ ನಿಮ್ಮ ಬೈಗುಳ ದೊಡ್ಡದಾತು.” ಅವಳು ಸೋಸಿದ ಕಷಾಯವನ್ನು ಲೋಟಕ್ಕೆ ಬಗ್ಗಿಸಿದಳು. “ನಾನೇ ತಂದು ಸುರಿದೆ. ನನ್ನ ಗಾಡ್ಯಾಗೆ. ಅವರಿಗೆ ಊಟ ಹಾಕೋವಾಗ ದಿನಾ ಅದೇ ಕಾಣ್ತೈತೆ. ಹೇಳಿದ್ರೆ ನನ್ನ ಕೆಲಸಾನೂ ಹೋಗ್ತೈತೆ. ಮನ್ಯಾಗೆ ದುಡಿಯೋಳು ಇನ್ನು ನಾನೊಬ್ಳೇ.”

“ನನ್ನ ಹೆಸರು ಯಾಕೆ ಹೇಳ್ಲಿಲ್ಲ?”

“ಯಾರು ನಂಬ್ತಾರೆ ರೀ? ಅಡಿಕೆ ಸಾವ್ಕಾರ್ರ ಮನ್ಯೋರು ಚೀಲದಾಗೆ ಕೆಂಡ ಕಟ್ಟಿ ಕೊಟ್ರು ಅಂದ್ರೆ? ಬೀಡಿ ಅಂದ್ರೆ ಎಲ್ಲರೂ ನಂಬ್ತಾರೆ.”

ಕಸ್ತೂರಮ್ಮ ಅಳುತ್ತ ಅವಳ ಕೈ ಹಿಡಿಯಲು ಹೋದಳು. ಅಫ್ಸಾನಾ ಕೈ ಹಿಂದಕ್ಕೆ ಎಳೆದುಕೊಂಡಳು.

“ಅಳಬ್ಯಾಡ್ರಿ. ನಾಳೆ ಹತ್ತು ಗಂಟಿಗೆ ಪಂಚಾಯ್ತಿ ಕಟ್ಟೆಗೆ ಇಂಜಿನಿಯರ್ ಮೇಡಂ ಬರ್ತಾರೆ, ಗುಂಡಿ ಬೆಂಕಿ ವಿಚಾರದಾಗೆ ಹೇಳಿಕೆ ತಗೊಳ್ಳಾಕೆ. ನಾಳೆ ಬಿಟ್ರೆ ಕಾಗದ ಮುಚ್ಚಿ ಹೋತು. ಹೇಳಂಗಿದ್ರೆ ಅಲ್ಲಿ ಹೇಳ್ರಿ. ಇಲ್ಲಿ ನನ್ನ ಮುಂದೆ ಅತ್ರೆ ಮಾವನಿಗೆ ಏನು ಬಂತು?”

ಮನೆಗೆ ಬಂದು ಹೇಳಿದಾಗ ಗುರುಬಸವರಾಜ್ ಬಾಗಿಲು ಕಿಟಕಿ ಹಾಕಿದ. ಸಿಟ್ಟಿಗಿಂತ ಭಯ ಜಾಸ್ತಿ ಇತ್ತು.

“ತಲೆ ನೆಟ್ಟಗೈತಾ ನಿನಗೆ? ಕೇಸ್ ಆಗ್ತೈತೆ! ಊರಾಗೆ ತಲೆ ಎತ್ಕಂಡು ತಿರುಗಾಕೆ ಆಗ್ತೈತಾ? ಬೇಕಾದ್ರೆ ಆಸ್ಪತ್ರೆ ಖರ್ಚಿಗೆ ಸುಮ್ನೆ ಒಂದಿಷ್ಟು ಕೊಟ್ಟು ಬರಾಣ.”

“ಅವರು ದುಡ್ಡು ಕೇಳ್ಲಿಲ್ಲ ರೀ. ನಾನು ಬೀಡಿ ಸೇದಿಲ್ಲ ಅಂದ್ರು. ಅದನ್ನ ನಿಜ ಅನ್ನಾಕೆ ಊರಾಗೆ ನಾನೊಬ್ಳೇ ಇರಾದು.”

“ಬೂದಿ ಸಾಗ್ಹಾಕು ಅಂದೆ, ಕೆಂಡ ಕೊಡು ಅಂದ್ನಾ ನಾನು?”

“ಎಲ್ಲಿಗೆ ಸಾಗ್ಹಾಕಲಿ ಅಂತ ನೀವು ಒಂದಿನ ಕೇಳಿದ್ರಾ? ಮನೆ ಬಾಗಿಲು ದಾಟಿದ್ರೆ ಮುಗೀತು ನಿಮಗೆ. ನನಗೂ ಹಂಗೇ ಆಗಿತ್ತು.”

ಬಂಗಾರಮ್ಮ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.

ಮರುದಿನ ಹತ್ತು ಗಂಟೆಗೆ ಕಸ್ತೂರಮ್ಮ ಪಂಚಾಯಿತಿ ಕಟ್ಟೆ ಹತ್ತಿದಳು. ಒಬ್ಬಳೇ ಬಂದಿದ್ದಳು. ರಂಗನಾಥ್, ಶಿವಮೂರ್ತಪ್ಪ, ಸಂಘದವರು, ಅರ್ಧ ಊರೇ ಸೇರಿತ್ತು. ಇಂಜಿನಿಯರ್ ಉಷಾರಾಣಿ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದರು. ಕಸ್ತೂರಮ್ಮ ಮೊದಲಿಂದ ಕೊನೆಯ ತನಕ ಹೇಳಿದಳು. ತಿಪ್ಪೆ ಹೋದದ್ದು, ಡಬ್ಬ, ಕೆಂಪಗೆ ಕಂಡದ್ದು, ದಬ್ಬಣ, ಹರಕು ಬಟ್ಟೆ ಎಂಬ ಸುಳ್ಳು.

“ಅಫ್ಸಾನಾ ಕೇಳಿದ್ಲು ಮೇಡಂ. ಎರಡು ಸಲ ಕೇಳಿದ್ಲು. ನಾನೇ ಇಲ್ಲ ಅಂದೆ.”

ಜನರಲ್ಲಿ ಗುಜುಗುಜು ಎದ್ದಿತು. ಉಷಾರಾಣಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ರಂಗನಾಥನ ಕಡೆ ತಿರುಗಿದರು. “ಆ ದಿನ ಬಯಲಾಗೆ ಹರವಿ ನೋಡಿದ್ರಾ?”

“ಅದು... ಮರುದಿನ ಸಾಹೇಬ್ರು ಬರೋರಿದ್ರು ಮೇಡಂ...”

“ಹರವಿ ನೋಡಿದ್ದಿದ್ರೆ ಡಬ್ಬ ಕಾಣ್ತಿತ್ತು. ಬಿಸಿ ಇರೋ ಲೋಡನ್ನ ಬೇರೆ ಬರಿ ನೆಲದ ಮೇಲೆ ಇಟ್ಟು, ನೀರು ಹೊಡೆದು, ಮಣ್ಣು ಹಾಕಿ, ಒಂದು ದಿನ ಕಾದು ನೋಡಬೇಕು ಅಂತ ನಿಮಗೆ ಬರೆದು ಕೊಟ್ಟೀವಿ. ಹೊಗೆ ಬಂದ ಕಸದ ಮೇಲೆ ಆಳು ಹತ್ತಿಸಬಾರ್ದು, ದೂರದಿಂದ ಯಂತ್ರದಾಗೆ ಮಣ್ಣು ಮುಚ್ಚಿಸ್ಬೇಕು ಅಂತಾನೂ ಕೊಟ್ಟೀವಿ. ಆ ಕಾಗದ ಎಲ್ಲೈತೆ?”

ಆ ಕಾಗದ ಬೂಟಿನ ಜೊತೆ ಷೆಡ್ಡಿನಲ್ಲಿತ್ತು.

ಬೀಡಿಯ ಮಾತನ್ನು ಹೊಡೆದು ಹಾಕಿದರು. ಗನಿಸಾಬನ ತಪ್ಪಿಲ್ಲ ಎಂದು ಬರೆದರು. ಕಸ್ತೂರಮ್ಮನ ಮನೆಗೆ ದಂಡ ಬಿತ್ತು. ಅಫ್ಸಾನಾಳ ಕೆಲಸ ಉಳಿಯಿತು. ರಂಗನಾಥ್‌ಗೆ ಏನಾಯಿತು ಅಂತ ಕೇಳುತ್ತೀರಿ. ಬೇರೆ ಗುಂಡಿಗೆ ಮೇಸ್ತ್ರಿಯಾಗಿ ಹೋದ, ಅಷ್ಟೇ ಆದದ್ದು. ಗನಿಸಾಬನಿಗೆ ಬರಬೇಕಾದದ್ದು ‘ಬರ್ತೈತೆ, ಬರ್ತೈತೆ’ ಅನ್ನುತ್ತ ಇನ್ನೂ ಬರುತ್ತಲೇ ಇದೆ. ಕಾಲಂತೂ ಬರುವುದಿಲ್ಲ.

ಅವತ್ತು ಕಸ್ತೂರಮ್ಮ ಮನೆಗೆ ಬಂದಾಗ ಹಿತ್ತಲಲ್ಲಿ ನೀರಿನ ಸದ್ದು. ಬಂಗಾರಮ್ಮ ಬಗ್ಗಿ, ಏದುಸಿರು ಬಿಡುತ್ತ, ಕೊಡದಿಂದ ಒಲೆ ಬೂದಿಗೆ ನೀರು ಸುರಿಯುತ್ತಿದ್ದಳು. ಬೂದಿ ಚುಂಯ್ ಎಂದು ಆವಿ ಎಬ್ಬಿಸುತ್ತಿತ್ತು.

“ಅತ್ತೆ! ನೀವಾ?”

“ನೀರು ತಾಗಿದ್ರೆ ಮನೆ ಹಾಳಾಗ್ತೈತೆ ಅಂತಿದ್ದೆ” ಎಂದಳು ಮುದುಕಿ, ತಲೆ ಎತ್ತದೆ. “ನೀರು ತಾಗಿಸ್ಲಿಲ್ಲ. ಆ ಸಾಬರ ಮನೆ ಹಾಳಾತು. ಇನ್ನೊಂದು ಕೊಡ ತಗೊಂಬಾ.”

ಗುರುಬಸವರಾಜ್ ಬಾಗಿಲಲ್ಲಿ ನಿಂತು ನೋಡಿದ. ಸ್ವಲ್ಪ ಹೊತ್ತಾದ ಮೇಲೆ ಅಂಗಿ ತೋಳು ಮಡಚಿ ತಾನೇ ಕೊಡ ತಂದ. ಮರುವಾರ ಒಲೆ ಪಕ್ಕ ನಾಲ್ಕು ಕಲ್ಲು ಕಟ್ಟಿಸಿ ಬೂದಿ ತಣಿಯಲು ಗುಂಡಿ ಮಾಡಿಸಿದ.

ಈಗ ಅಫ್ಸಾನಾ ಮತ್ತೆ ಗಾಡಿ ತರುತ್ತಾಳೆ. ಕಸ್ತೂರಮ್ಮ ತಣ್ಣನೆಯ ಬೂದಿ ಬುಟ್ಟಿಯನ್ನು ಬೇರೆ, ಒಣ ಕಸವನ್ನು ಬೇರೆ, ಹಸಿ ಕಸವನ್ನು ಬೇರೆ ತಂದಿಡುತ್ತಾಳೆ. ಬಂಗಾರಮ್ಮನ ಸಕ್ಕರೆ ಕಾಯಿಲೆಯ ಸೂಜಿಗಳು ಗಟ್ಟಿ ಡಬ್ಬದಲ್ಲಿ, ಮೇಲೆ ‘ಸೂಜಿ’ ಎಂದು ಬರೆದ ಚೀಟಿ. ಒಡೆದ ಗಾಜು ಕಾಗದದಲ್ಲಿ ಸುತ್ತಿ, ಅದಕ್ಕೂ ಚೀಟಿ. ಚೀಲಗಳ ಬಾಯಿ ತೆರೆದೇ ಇರುತ್ತದೆ. ದಬ್ಬಣ ಅಡಿಕೆ ಚೀಲಕ್ಕೆ ಮಾತ್ರ.

ಅಫ್ಸಾನಾ ಒಂದೊಂದು ಚೀಲವನ್ನೂ ಬೀದಿಯಲ್ಲೇ, ಶಿವಮೂರ್ತಪ್ಪ ನೋಡುತ್ತಿರುವಾಗಲೇ, ಅಲ್ಲಾಡಿಸಿ ನೋಡುತ್ತಾಳೆ. ಬೂದಿಯ ಮೇಲೆ ಅಂಗೈ ಹಿಡಿದು ಬಿಸಿ ಇದೆಯಾ ನೋಡುತ್ತಾಳೆ. ಕಸ್ತೂರಮ್ಮ ನಿಂತಿರುತ್ತಾಳೆ.

“ಇದ್ರಾಗೆ ಏನೈತೆ ಅಮ್ಮಾರೆ?”

ಕಸ್ತೂರಕ್ಕ ಅನ್ನುವುದನ್ನು ಅವಳು ಬಿಟ್ಟಿದ್ದಾಳೆ. ಕಸ್ತೂರಮ್ಮ ಒಂದೊಂದನ್ನೂ ಹೇಳುತ್ತಾಳೆ. ಹೇಳಿದ್ದನ್ನು ಅಫ್ಸಾನಾ ನಂಬುವುದಿಲ್ಲ, ತಾನೇ ನೋಡಿ ಎತ್ತಿಕೊಳ್ಳುತ್ತಾಳೆ. ಕಸ್ತೂರಮ್ಮನಿಗೆ ಪ್ರತಿ ಬೆಳಿಗ್ಗೆ ಅದು ಚುಚ್ಚುತ್ತದೆ. ಆದರೂ ಇದೇ ಸರಿ ಎಂದು ಗೊತ್ತಿದೆ, ಒಳಗೆ ಹೋಗುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಸಂಘದಲ್ಲಿ ಕೂತು ಕೇಳಿದಿರಿ, ಈಗ ಎದ್ದು ಮನೆಗೆ ಹೋಗುತ್ತೀರಿ. ಹೋದ ತಕ್ಷಣ ಒಲೆಯ ಬೂದಿ ನೋಡಿ. ನೀರು ಹಾಕಿ, ಎರಡು ದಿನ ಬಿಡಿ, ತಣ್ಣಗಾಯಿತೆಂದು ಖಾತ್ರಿಯಾದ ಮೇಲೆ ಬೇರೆಯಾಗಿ ಕೊಡಿ. ಸೂಜಿ, ಗಾಜು, ಔಷಧಿ ಡಬ್ಬ, ಸೆಲ್ಲು ಕಸದೊಳಗೆ ಬಚ್ಚಿಡಬೇಡಿ. ಚೀಲದ ಬಾಯಿ ಹೊಲಿಯಬೇಡಿ. ಗಾಡಿಯವರು ಬಿಚ್ಚಿ ನೋಡಿದರೆ ಮರ್ಯಾದೆ ಹೋಯಿತು ಅನ್ನಬೇಡಿ. ಗುಂಡಿಯ ಹತ್ತಿರ ದುಡಿಯುವ ಅಣ್ಣಂದಿರೇ, ಯಾವ ಸಾಹೇಬರು ಬಂದರೂ ಹರವಿ ನೋಡದೆ ಗುಂಡಿಗೆ ಹಾಕಬೇಡಿ, ಹೊಗೆಯಾಡುವ ಕಸದ ಮೇಲೆ ಯಾರು ಕೂಗಿದರೂ ಕಾಲಿಡಬೇಡಿ, ಷೆಡ್ಡಿನಲ್ಲಿರುವ ಬೂಟು ನಿಮ್ಮದು, ಕೇಳಿ ತೆಗೆದುಕೊಳ್ಳಿ.

ನಾಳೆ ಎಂಟು ಗಂಟೆಗೆ ನಿಮ್ಮ ಬಾಗಿಲಿಗೂ ಗಾಡಿ ಬರುತ್ತದೆ. ಅದರಿಂದ ಇಳಿದವಳು ನಿಮ್ಮ ಚೀಲ ಹಿಡಿದು ‘ಇದ್ರಾಗೆ ಏನೈತೆ ಅಕ್ಕ?’ ಎಂದು ಕೇಳುತ್ತಾಳೆ. ಅವಳು ನಿಮ್ಮನ್ನು ಇನ್ನೂ ಅಕ್ಕ ಅನ್ನುತ್ತಿರುವಾಗಲೇ ನಿಜ ಹೇಳಿಬಿಡಿ.